ಕಂಪ್ಯೂಟರ್ ಗೇಮ್ ಆಡಿ ವಕೀಲಿಕೆ ಕಲಿಯಬಹುದೇ?

ಕಾನೂನು ಓದುವುದೆಂದರೆ ಸೆಕ್ಷನ್‌ಗಳನ್ನು ಬಾಯಿಪಾಠ ಮಾಡುವುದು ಎಂದು ಹಲವರು ನಂಬಿದ್ದಾರೆ. ಆದರೆ ಕಕ್ಷಿದಾರರನ್ನು ಏನು ಕೇಳಬೇಕು, ಯಾವ ದಾಖಲೆ ತರಿಸಬೇಕು, ಯಾವಾಗ ರಾಜಿಗೆ ಒಪ್ಪಬೇಕು ಎಂಬುದು ಬಾಯಿಪಾಠದಿಂದ ಬರುವುದಿಲ್ಲ. ಇದನ್ನೆಲ್ಲ ನಿಜವಾದ ಕೇಸಿನಲ್ಲೇ ಮೊದಲು ಕಲಿತರೆ, ವಕೀಲರ ತಪ್ಪಿಗೆ ಬೆಲೆ ತೆರುವವರು ಕಕ್ಷಿದಾರರು. ಯಾರಿಗೂ ನಷ್ಟವಾಗದಂತೆ ತಪ್ಪು ಮಾಡಿ ಕಲಿಯಲು ಗೇಮ್ ಮತ್ತು ಸಿಮ್ಯುಲೇಷನ್‌ಗಳು ಅವಕಾಶ ಕೊಡುತ್ತವೆ.

ಗೇಮ್ ಏನು ಕಲಿಸುತ್ತದೆ?

1992ರಲ್ಲಿ ಅಮೆರಿಕದಲ್ಲಿ ಬಂದ ‘ಅಬ್ಜೆಕ್ಷನ್!’ ಎಂಬ ಗೇಮ್‌ನಲ್ಲಿ ಆಟಗಾರರೇ ವಕೀಲರು. ಎದುರಾಳಿ ವಕೀಲರು ಸಾಕ್ಷಿಗೆ ಕೇಳುವ ಪ್ರಶ್ನೆ ಸರಿಯೇ, ಇಲ್ಲದಿದ್ದರೆ ಯಾವ ಕಾರಣಕ್ಕೆ ಆಕ್ಷೇಪಿಸಬೇಕು ಎಂದು ಕೂಡಲೇ ನಿರ್ಧರಿಸಬೇಕು. ಉದಾಹರಣೆಗೆ, ತಮ್ಮದೇ ಸಾಕ್ಷಿಯನ್ನು “ಆರೋಪಿಯ ಕೈಯಲ್ಲಿ ಚಾಕು ಇತ್ತಲ್ಲವೇ?” ಎಂದು ಕೇಳುವುದು ಸೂಚಕ ಪ್ರಶ್ನೆ, ಉತ್ತರ ಅದರೊಳಗೇ ಇದೆ. ಪಾಟೀ ಸವಾಲಿನಲ್ಲಾದರೆ ಹೀಗೆ ಕೇಳಬಹುದು. ಈ ವ್ಯತ್ಯಾಸವನ್ನು ಕ್ಷಣದಲ್ಲಿ ಗುರುತಿಸಲು ಅಭ್ಯಾಸ ಬೇಕು, ಅದನ್ನು ಗೇಮ್ ಚೆನ್ನಾಗಿ ಮಾಡಿಸುತ್ತದೆ. ಅಮೆರಿಕದ ಹಲವು ರಾಜ್ಯಗಳಲ್ಲಿ ವಕೀಲರ ಮುಂದುವರಿದ ಶಿಕ್ಷಣಕ್ಕೂ ಇದನ್ನು ಪರಿಗಣಿಸಲಾಗಿತ್ತು.

ಇಲ್ಲದ ಊರಿನ ವಕೀಲರು

ಸಿಮ್ಯುಲೇಷನ್ ಇನ್ನೂ ಮುಂದೆ ಹೋಗುತ್ತದೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಪ್ರಾಧ್ಯಾಪಕ ಪಾಲ್ ಮಹಾರ್ಗ್ ಮತ್ತು ಸಂಗಡಿಗರು ಆರ್ಡ್‌ಕಾಲಕ್ ಎಂಬ ಕಾಲ್ಪನಿಕ ಪಟ್ಟಣವನ್ನು ಕಂಪ್ಯೂಟರಿನಲ್ಲಿ ಕಟ್ಟಿದರು. ವಿದ್ಯಾರ್ಥಿಗಳು ಸಣ್ಣ ತಂಡಗಳಾಗಿ ಅಲ್ಲಿ ವಕೀಲರ ಕಚೇರಿ ನಡೆಸುತ್ತಿದ್ದರು. ಗಾಯಗೊಂಡವರ ಪರಿಹಾರದ ಕೇಸಿನಲ್ಲಿ ಒಂದು ತಂಡ ಗಾಯಾಳುವಿನ ಪರ, ಇನ್ನೊಂದು ವಿಮೆ ಕಂಪನಿಯ ಪರ. ಮಾಹಿತಿ ಬೇಕಾದರೆ ಸಂಬಂಧಪಟ್ಟ ಪಾತ್ರಕ್ಕೆ ಪತ್ರ ಬರೆಯಬೇಕು; ಪಾತ್ರಧಾರಿಗಳು ಉತ್ತರಿಸುತ್ತಿದ್ದರು. ಕೇಳದಿದ್ದರೆ ಮಾಹಿತಿ ಸಿಗದು. ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ ಸಂಗತಿಗಳೆಲ್ಲ ಮೊದಲೇ ಅಚ್ಚಾಗಿರುತ್ತವೆ, ನಿಜವಾದ ಕೇಸಿನಲ್ಲಿ ಹಾಗಿರುವುದಿಲ್ಲ.

ಎಚ್ಚರ ಎಲ್ಲಿ ಬೇಕು?

ಗೇಮ್ ಒಪ್ಪಿದ್ದೆಲ್ಲ ಕಾನೂನಲ್ಲ. ಒಂದು ದೇಶದ ಸಾಕ್ಷ್ಯ ನಿಯಮ ಇನ್ನೊಂದಕ್ಕೆ ಹೊಂದದು. ನಮ್ಮಲ್ಲೇ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದು, ಸೂಚಕ ಪ್ರಶ್ನೆಯ ನಿಯಮ ಹಳೆಯ ಕಾಯ್ದೆಯ 141ರಿಂದ 143ನೇ ಸೆಕ್ಷನ್‌ಗಳಿಂದ 146ಕ್ಕೆ ಬಂದಿದೆ. ಹಳೆಯ ಸಾಫ್ಟ್‌ವೇರ್ ಈಗ ತಪ್ಪು ಸಂಖ್ಯೆ ಕಲಿಸುತ್ತದೆ. ಜೊತೆಗೆ, ಅಂಕ ಗಳಿಸುವುದೇ ಗುರಿಯಾದರೆ ಆಟಗಾರರು ಗೇಮ್‌ನ ಜಾಡು ಹಿಡಿಯುತ್ತಾರೆಯೇ ಹೊರತು ಕಾನೂನನ್ನಲ್ಲ.

ಹಾಗಾದರೆ ಕಲಿಯಬಹುದೇ? ಹೌದು, ಆಟ ಮುಗಿದ ಮೇಲೆ ಶಿಕ್ಷಕರೊಂದಿಗೆ ಕುಳಿತು “ಈ ನಿರ್ಧಾರ ಏಕೆ?” ಎಂದು ಚರ್ಚಿಸಿದರೆ. ಆ ಚರ್ಚೆ ಇಲ್ಲದಿದ್ದರೆ ಮಾಡಿದ ತಪ್ಪೇ ಅಭ್ಯಾಸವಾಗಬಹುದು.