ಎಪ್ಪತ್ತೈದು ವ್ಯಾಟ್‌ನೊಳಗಿನ ಚರಿತ್ರೆ

ಸಿಕಂದರಾಬಾದಿನ ಪಾರ್ಕ್‌ಲೇನ್‌ನಲ್ಲಿ ಚೆನಾಯ್ ಟ್ರೇಡ್ ಸೆಂಟರ್ ಎಂಬ ಕಟ್ಟಡವಿದೆ. ಪೂರ್ತಿ ಹೆಸರು ಹೇಳುವವರು ಕಡಿಮೆ. ಹೈದರಾಬಾದಿನವರಿಗೆ ಅದು ಸಿಟಿಸಿ. ಬೆಂಗಳೂರಿಗೆ ಎಸ್.ಪಿ. ರೋಡ್ ಇದ್ದಂತೆ, ದಿಲ್ಲಿಗೆ ನೆಹರು ಪ್ಲೇಸ್ ಇದ್ದಂತೆ, ಅವಳಿನಗರಕ್ಕೆ ಇದು. ಮನೆಯ ಹಳೆಯ ಡೆಸ್ಕ್‌ಟಾಪ್‌ಗೆ ಅಗ್ಗದ ಗ್ರಾಫಿಕ್ಸ್ ಕಾರ್ಡ್ ಹಾಕಿಸಲು ಬಂದವರು ಇಲ್ಲಿ ಎಷ್ಟು ಜಿಬಿ, ಎಷ್ಟು ಬೆಲೆ ಎಂದು ಕೇಳುತ್ತಾರೆ. ಕಸುಬು ಬಲ್ಲ ಅಂಗಡಿಯವನು ಉತ್ತರ ಕೊಡುವ ಮೊದಲು ತಾನೇ ಕೇಳುತ್ತಾನೆ: ಬೋರ್ಡ್ ಯಾವುದು? ಎಸ್‌ಎಂಪಿಎಸ್ ಎಷ್ಟರದ್ದು? ಕ್ಯಾಬಿನೆಟ್ ದೊಡ್ಡದೋ, ತೆಳ್ಳಗಿನದೋ? ಅಗ್ಗದ ಕಾರ್ಡಿನ ಇಪ್ಪತ್ತೈದು ವರ್ಷಗಳ ಚರಿತ್ರೆ ಈ ಮರುಪ್ರಶ್ನೆಗಳಲ್ಲೇ ಇದೆ. ಡಬ್ಬಿಯ ಮೇಲೆ ದೊಡ್ಡದಾಗಿ ಅಚ್ಚಾದದ್ದಕ್ಕಿಂತ ಅಚ್ಚಾಗದೆ ಉಳಿದದ್ದೇ ಕೊಂಡವರ ಕೈಹಿಡಿದಿದೆ, ಇಲ್ಲವೇ ಕೈಕೊಟ್ಟಿದೆ.

1999ರಿಂದ ಶುರುಮಾಡೋಣ. ಆ ವರ್ಷ ಎನ್‌ವಿಡಿಯಾ ಕಂಪನಿ ಜಿಫೋರ್ಸ್ 256 ಎಂಬ ಕಾರ್ಡ್ ತಂದು, ಜಗತ್ತಿನ ಮೊದಲ ಜಿಪಿಯು ಇದೇ ಎಂದು ಸಾರಿತು. ಅದೇ ವರ್ಷ ಇಂಟೆಲ್ ಐ810 ಎಂಬ ಚಿಪ್‌ಸೆಟ್ ತಂದಿತು. ಇದರಲ್ಲಿ ಗ್ರಾಫಿಕ್ಸ್ ಬೋರ್ಡಿನೊಳಗೇ ಸೇರಿದ್ದರಿಂದ ಕಂಪ್ಯೂಟರಿನ ಬೆಲೆ ಇಳಿಯಿತು. ಆದರೆ ಆಗ ಒಳ್ಳೆಯ ಕಾರ್ಡುಗಳು ಕೂರುತ್ತಿದ್ದದ್ದು ಎಜಿಪಿ ಎಂಬ ಸ್ಲಾಟ್‌ನಲ್ಲಿ, ಐ810ರಲ್ಲಿ ಅದಕ್ಕೆ ಎಡೆಯೇ ಇರಲಿಲ್ಲ. ಕಡಿಮೆ ದುಡ್ಡಿನಲ್ಲಿ ಅಸೆಂಬಲ್ ಮಾಡಿಸಿಕೊಂಡು, ಮುಂದೆ ಕೈಯಲ್ಲಿ ಕಾಸಾದಾಗ ಕಾರ್ಡ್ ಹಾಕಿಸೋಣ ಎಂದುಕೊಂಡವರಿಗೆ ಉಳಿದದ್ದು ಮೋಡೆಮ್, ಸೌಂಡ್ ಕಾರ್ಡುಗಳು ಕೂರುವ ಮಾಮೂಲಿ ಪಿಸಿಐ ಸ್ಲಾಟ್. ಅದಕ್ಕೆ ಹೊಂದುವ ಕಾರ್ಡುಗಳು ಕಡಿಮೆ, ಇದ್ದವೂ ನಿಧಾನ. 2002ರ 845 ಸರಣಿಯಲ್ಲೂ ಇದೇ ಕಥೆ. 845ಜಿ ಬೋರ್ಡಿಗೆ ಎಜಿಪಿ ಹಾಕಬಹುದಿತ್ತು, 845ಜಿಎಲ್‌ಗೆ ಆಗುತ್ತಿರಲಿಲ್ಲ. ಆ ಒಂದು ‘ಎಲ್’ ಅಕ್ಷರದ ಅರ್ಥ ಗೊತ್ತಾಗುತ್ತಿದ್ದದ್ದು ಎಷ್ಟೋ ತಿಂಗಳ ಮೇಲೆ, ಕ್ಯಾಬಿನೆಟ್ ಬಿಚ್ಚಿದಾಗ.

2004ರ ಸುಮಾರಿಗೆ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಬಂದು ಎಜಿಪಿ ಮೂಲೆ ಸೇರಿತು. ಹಳೆಯ ಕಂಪ್ಯೂಟರಿಗೆ ಹೊಸ ಕಾರ್ಡ್ ಎಂಬ ಆಸೆ ಇವತ್ತಿಗೂ ಬದುಕಿರುವುದು ಈ ಸ್ಲಾಟಿನ ಪುಣ್ಯದಿಂದ. ತಲೆಮಾರು ಬದಲಾದರೂ ಅದರ ಆಕಾರ ಬದಲಾಗಲಿಲ್ಲ. 2012ರ ಬೋರ್ಡಿನಲ್ಲಿ 2024ರ ಕಾರ್ಡ್ ಕೂರುತ್ತದೆ.

ಇಲ್ಲೊಂದು ಅಡ್ಡಮಾತು. ಗ್ರಾಫಿಕ್ಸ್ ಚಿಪ್ಪಿನ ಎರಡೂ ದೊಡ್ಡ ಮನೆತನಗಳು ಹೈದರಾಬಾದಿಗೆ ಬಂದದ್ದು ಬೇರೆ ಕಂಪನಿಗಳ ಬೆನ್ನೇರಿ. ರೇಡಿಯಾನ್ ಕಾರ್ಡುಗಳ ಎಟಿಐ, ಇಲ್ಲಿನ ಕ್ಯೂಟ್ ಸೊಲ್ಯೂಷನ್ಸ್ ಎಂಬ ಸಣ್ಣ ಕಂಪನಿಯನ್ನು ಕೊಂಡಿತ್ತು; 2006ರಲ್ಲಿ ಎಟಿಐಯನ್ನೇ ಎಎಂಡಿ ಕೊಂಡಿತು. ಮೊದಲ ಐಪಾಡ್‌ಗೆ ಚಿಪ್ ಕೊಟ್ಟ ಪೋರ್ಟಲ್‌ಪ್ಲೇಯರ್ ಕಂಪನಿಗೂ ಹೈದರಾಬಾದಿನಲ್ಲಿ ಕೇಂದ್ರವಿತ್ತು. 2007ರ ಆರಂಭದಲ್ಲಿ ಅದು ಎನ್‌ವಿಡಿಯಾ ಪಾಲಾಯಿತು. ಹಾಗಾಗಿ ಒಂದೇ ಊರಿನ ಒಂದು ಕಡೆ ಗ್ರಾಫಿಕ್ಸ್ ಕಂಪನಿಗಳ ಎಂಜಿನಿಯರುಗಳು, ಇನ್ನೊಂದು ಕಡೆ ಅದೇ ಕಂಪನಿಗಳ ಕಾರ್ಡನ್ನು ಬೆಳಕಿಗೆ ಹಿಡಿದು, ಇದು ನಮ್ಮ ಡಬ್ಬಕ್ಕೆ ಆಗುತ್ತದೆಯೇ ಎಂದು ಕೇಳುವ ಗಿರಾಕಿಗಳು.

ಆ ಡಬ್ಬವಾದರೂ ಎಲ್ಲಿಯದು? ಬಹಳ ಸಲ ಅದು ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಹೊರಹಾಕಿದ ಡೆಸ್ಕ್‌ಟಾಪ್. ಐಟಿ ಕಚೇರಿಗಳು ತುಂಬಿದ ಊರಿನಲ್ಲಿ ಇಂಥವಕ್ಕೆ ಬರವಿಲ್ಲ. ಅಮೀರ್‌ಪೇಟೆಯ ತರಬೇತಿ ಕೇಂದ್ರಗಳಲ್ಲಿ ಮಾಯಾ, ತ್ರೀಡಿಎಸ್ ಮ್ಯಾಕ್ಸ್ ಕಲಿಯಲು ಬಂದ ಹುಡುಗ ಹುಡುಗಿಯರಿಗೆ ರೂಮಿನಲ್ಲಿ ಅಭ್ಯಾಸ ಮಾಡಲು ಕೈಗೆಟಕುವುದೂ ಇದೇ. ಸುದೀಪ್ ಅವರನ್ನು ಕಾಡಿದ ‘ಈಗ’ ಚಿತ್ರದ ನೊಣವನ್ನು 2012ರಲ್ಲಿ ಹೈದರಾಬಾದಿನ ಮಕುಟ ವಿಎಫ್‌ಎಕ್ಸ್ ತೆರೆಗೆ ತಂದಮೇಲೆ ಆ ಕೆಲಸದ ಮೇಲಿನ ಆಸೆ ಅತಿಯಾಸೆ ಅನ್ನಿಸುತ್ತಿರಲಿಲ್ಲ. ತೊಡಕು ಇದ್ದದ್ದು ಕರೆಂಟಿನಲ್ಲಿ. ಅದೇ 2012ರ ಡೆಲ್ ಆಪ್ಟಿಪ್ಲೆಕ್ಸ್ 7010 ನೋಡಿ: ತೆಳ್ಳಗಿನ ಮಾದರಿಯ ಎಸ್‌ಎಂಪಿಎಸ್ 240 ವ್ಯಾಟ್‌ನದು. ಕಾರ್ಡಿಗೆಂದು ಪ್ರತ್ಯೇಕ ಆರು ಪಿನ್ನಿನ ವೈರು ಇಲ್ಲ. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ತಾನಾಗಿ ಕೊಡುವುದು ಹೆಚ್ಚೆಂದರೆ 75 ವ್ಯಾಟ್. ಕಾರ್ಡ್ ಅಷ್ಟರಲ್ಲೇ ಸಂಸಾರ ತೂಗಿಸಬೇಕು.

ಅದನ್ನು ನಿಜವಾಗಿ ತೂಗಿಸಿದ್ದು 2014ರ ಫೆಬ್ರವರಿಯಲ್ಲಿ ಬಂದ ಜಿಟಿಎಕ್ಸ್ 750 ಟಿಐ. ಅಮೆರಿಕದಲ್ಲಿ 149 ಡಾಲರ್. 60 ವ್ಯಾಟ್ ಸಾಕು, ಬೇರೆ ವೈರು ಬೇಡ. ಮ್ಯಾಕ್ಸ್‌ವೆಲ್ ಎಂಬ ಹೊಸ ವಿನ್ಯಾಸವನ್ನು ಎನ್‌ವಿಡಿಯಾ ಮೊದಲು ಇಳಿಸಿದ್ದು ದುಬಾರಿ ಕಾರ್ಡಿನಲ್ಲಲ್ಲ, ಈ ಸಣ್ಣ ಕಾರ್ಡಿನಲ್ಲಿ. 2016ರ ಅಕ್ಟೋಬರಿನಲ್ಲಿ ನಾಲ್ಕು ಜಿಬಿಯ 1050 ಟಿಐ ಬಂತು, ಸರಿಯಾಗಿ 75 ವ್ಯಾಟ್. ಬಡವರ ಕಾರ್ಡುಗಳ ಚರಿತ್ರೆಯಲ್ಲಿ ಈ ಎರಡೂವರೆ ವರ್ಷಗಳಷ್ಟು ಪ್ರಾಮಾಣಿಕ ಕಾಲ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಇವುಗಳಿಗಿಂತ ಕೆಳಗಿನ ಮೆಟ್ಟಿಲಲ್ಲಿ ಮಾತ್ರ ಹೆಸರಿನ ಆಟ ನಡೆದೇ ಇತ್ತು. 2014ರ ಜಿಟಿ 730 ಎಂಬುದು ಒಂದು ಕಾರ್ಡಲ್ಲ, ಮೂರು. ಒಂದರೊಳಗೆ ಫರ್ಮಿ ಎಂಬ ಹಳೆಯ ಚಿಪ್, ಉಳಿದೆರಡರಲ್ಲಿ ಕೆಪ್ಲರ್. ಆ ಎರಡರಲ್ಲೂ ಮೆಮೊರಿ ಬೇರೆ ಬೇರೆ. 2017ರ ಜಿಟಿ 1030 ಸಣ್ಣದಾದರೂ ಒಳ್ಳೆಯ ಕಾರ್ಡ್. ಮರುವರ್ಷ ಅದೇ ಹೆಸರಿನಲ್ಲಿ ಡಿಡಿಆರ್4 ಮೆಮೊರಿಯದು ಬಂತು. ಮೊದಲಿನದು ಸೆಕೆಂಡಿಗೆ 48 ಜಿಬಿ ಸಾಗಿಸುತ್ತಿದ್ದರೆ ಇದು 16.8. ಎರಡರ ಮೇಲೂ ‘2 ಜಿಬಿ’ ಎಂದೇ ಇದ್ದಮೇಲೆ, ಎಷ್ಟು ಜಿಬಿ ಎಂದಷ್ಟೇ ಕೇಳಿಕೊಂಡು ಬಂದವರು ಮಾಡುವುದೇನು? ಇದನ್ನು ಮೋಸ ಎನ್ನಲು ಕಾನೂನಿನಲ್ಲಿ ಜಾಗವಿದೆಯೋ ಇಲ್ಲವೋ, ಕೊಂಡವರ ಬಾಯಲ್ಲಿ ಬೇರೆ ಪದ ಬರಲಾರದು. ಹಳೆಯ ಜಿಟಿಎಸ್ 450ಗೆ 1050 ಟಿಐ ಎಂಬ ಸುಳ್ಳು ಬಯಾಸ್ ತುಂಬಿ ಮಾರುವ ಶುದ್ಧ ನಕಲಿಗಳೂ ಬಂದವು. 2018ರಲ್ಲಿ ಜಿಪಿಯು-ಝಡ್ ತಂತ್ರಾಂಶ ಇಂಥವನ್ನು ಹಿಡಿಯುವ ಸೌಲಭ್ಯವನ್ನೇ ಸೇರಿಸಬೇಕಾಯಿತು.

ಆಮೇಲೆ ಕೊರೋನಾ, ಚಿಪ್ ಬರ, ಕ್ರಿಪ್ಟೋ ಗಣಿಗಾರಿಕೆ. 2021ರಲ್ಲಿ ಐದು ವರ್ಷ ಹಳೆಯ 1050 ಟಿಐ ಹೊಸ ಮಾಲಾಗಿ ಮತ್ತೆ ಪೇಟೆಗೆ ಬಂತು. 2022ರಲ್ಲಿ ಎಎಂಡಿ ತಂದ ಆರ್‌ಎಕ್ಸ್ 6400 ನೋಡಲು ಹಳೆಯ ಡಬ್ಬಕ್ಕೆಂದೇ ಮಾಡಿಸಿದಂತಿತ್ತು: 53 ವ್ಯಾಟ್, ತೆಳ್ಳಗಿನ ಕ್ಯಾಬಿನೆಟ್ಟಿಗೂ ಸೈ. ಆದರೆ ಅದು ಸ್ಲಾಟಿನ ಹದಿನಾರು ದಾರಿಗಳಲ್ಲಿ ನಾಲ್ಕನ್ನು ಮಾತ್ರ ಬಳಸುತ್ತದೆ. ಹೊಸ ಬೋರ್ಡಿನಲ್ಲಿ ಆ ನಾಲ್ಕು ನಡೆದೀತು. ಹಳೆಯ ಬೋರ್ಡಿನಲ್ಲಿ ಪ್ರತಿ ದಾರಿಯ ವೇಗ ಅರ್ಧ ಅಥವಾ ಇನ್ನೂ ಕಡಿಮೆ. ಹಳೆಯ ಕಂಪ್ಯೂಟರಿಗೆ ಹೊಂದುವ ಕಾರ್ಡು ಹೊಸ ಕಂಪ್ಯೂಟರಿನಲ್ಲಷ್ಟೇ ಚೆನ್ನಾಗಿ ಓಡುವುದು!

ಈಗಿನ ಚಿಂತೆ ಡ್ರೈವರ್‌ನದು. ಫರ್ಮಿ ಚಿಪ್ಪಿಗೆ ಎನ್‌ವಿಡಿಯಾ ಹೊಸ ಡ್ರೈವರ್ ಕೊಡುವುದನ್ನು 2018ರಲ್ಲಿ ನಿಲ್ಲಿಸಿತು, ಕೆಪ್ಲರ್‌ಗೆ 2021ರಲ್ಲಿ. ಒಂದೇ ಜಿಟಿ 730 ಹೆಸರಿಗೆ ಎರಡು ತಿಥಿ. 750 ಟಿಐ, 1050 ಟಿಐಗಳ ಸರದಿ ಮುಗಿದದ್ದು 2025ರ ಅಕ್ಟೋಬರಿನಲ್ಲಿ. ಇನ್ನು 2028ರವರೆಗೆ ಭದ್ರತೆಯ ತೇಪೆ ಮಾತ್ರ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ಮುಗಿಸಿದ್ದೂ ಅದೇ ತಿಂಗಳ 14ರಂದು. ವಿಂಡೋಸ್ 11 ಆ 2012ರ ಆಪ್ಟಿಪ್ಲೆಕ್ಸನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಲಿನಕ್ಸ್ ಒಪ್ಪುತ್ತದೆ, ಅದು ಬೇರೆ ಮಾತು.

ಇಷ್ಟಾದರೂ ದಾರಿ ಪೂರ್ತಿ ಮುಚ್ಚಿಲ್ಲ. 2024ರ ಫೆಬ್ರವರಿಯಲ್ಲಿ ಬಂದ ಆರು ಜಿಬಿಯ ಆರ್‌ಟಿಎಕ್ಸ್ 3050 ಎಪ್ಪತ್ತು ವ್ಯಾಟ್‌ನಲ್ಲಿ ನಡೆಯುತ್ತದೆ. ಇದರಲ್ಲೂ ಹೆಸರಿನ ಆಟವಿದೆ: ಎಂಟು ಜಿಬಿಯ 3050 ಬೇರೆಯೇ ಕಾರ್ಡು, 130 ವ್ಯಾಟ್‌ನದು, ಅದಕ್ಕೆ ಪ್ರತ್ಯೇಕ ವೈರು ಬೇಕು. ಈ ಸಲ ಮಾತ್ರ ಜಿಬಿ ಕಡಿಮೆ ಇರುವುದೇ ನಮ್ಮ ಡಬ್ಬಕ್ಕೆ ಸರಿ. ಹತ್ತು ಹನ್ನೆರಡು ವರ್ಷದ ಬೋರ್ಡಾದರೆ ಬಯಾಸ್ ಹೊಸ ಕಾರ್ಡನ್ನು ಗುರುತಿಸದೆ ಪರದೆ ಕಪ್ಪಾಗಿಯೇ ಉಳಿಯುವುದುಂಟು. ಸಿಟಿಸಿಗೆ ಹೋಗುವಾಗ ಸಿಪಿಯು ಡಬ್ಬವನ್ನೂ ಆಟೋದಲ್ಲಿ ಹಾಕಿಕೊಂಡು ಹೋಗಿ, ಅಂಗಡಿಯಲ್ಲೇ ಕಾರ್ಡ್ ಕೂರಿಸಿ, ಚಿತ್ರ ಮೂಡಿದಮೇಲೆ ದುಡ್ಡು ಕೊಡಿ.