ನಾದವಿಲ್ಲದ ಸದ್ದು: ‘ಸ’ಕಾರ ಅರ್ಥವಾದ ಬಗೆ

ಗಂಟಲಿನ ಮೇಲೆ ಎರಡು ಬೆರಳಿಟ್ಟು ‘ಆ’ ಎಂದು ಎಳೆದು ಹೇಳಿ. ಬೆರಳಿಗೆ ಕಂಪನ ತಿಳಿಯುತ್ತದೆ. ಈಗ ‘ಸ್’ ಎಂದು ಎಳೆಯಿರಿ. ಸದ್ದು ಬರುತ್ತಿದೆ, ಆದರೆ ಕಂಪನವಿಲ್ಲ! ಹಾಗಾದರೆ ಈ ಸದ್ದು ಹುಟ್ಟಿದ್ದೆಲ್ಲಿ?

ನಾಲಿಗೆ ಮತ್ತು ಮೇಲ್ವಸಡಿನ ನಡುವಿನ ಕಿರಿದಾದ ಸಂದಿನಲ್ಲಿ. ಅಲ್ಲಿ ವೇಗವಾಗಿ ನುಗ್ಗುವ ಉಸಿರು ಹಲ್ಲುಗಳಿಗೆ ಬಡಿದು ಪ್ರಕ್ಷುಬ್ಧವಾಗುತ್ತದೆ. ಕುಕ್ಕರಿನಿಂದ ಆವಿ ಹೊರನುಗ್ಗುವಾಗ ಕೇಳುವ ಸದ್ದೂ ಇದೇ ಬಗೆಯದು. ಇಂಥ ಧ್ವನಿಗಳೇ ಘರ್ಷ ವ್ಯಂಜನಗಳು.

ನಮ್ಮ ಪ್ರಾಚೀನರು ಶ, ಷ, ಸ, ಹಗಳನ್ನು ‘ಊಷ್ಮ’ಗಳೆಂದು ಕರೆದರು. ಊಷ್ಮವೆಂದರೆ ಬಿಸಿ, ಆವಿ. ಕಂಠ ಮುಚ್ಚಿಕೊಂಡಾಗ ನಾದ, ತೆರೆದಾಗ ಬರಿಯ ಶ್ವಾಸ ಎಂಬ ವಿಂಗಡಣೆ ತೈತ್ತಿರೀಯ ಪ್ರಾತಿಶಾಖ್ಯದಲ್ಲಿದೆ. ಅಮೆರಿಕದ ವಿದ್ವಾಂಸ ವಿಟ್ನಿ ಈ ಗ್ರಂಥವನ್ನು 1871ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದ.

ಯಂತ್ರದಿಂದ ಮಾತಾಡಿಸಹೊರಟವರಿಗೂ ಇದೇ ವಿಂಗಡಣೆ ಎದುರಾಯಿತು. ವಿಯೆನ್ನಾದ ಕೆಂಪೆಲೆನ್ 1791ರಲ್ಲಿ ತನ್ನ ಮಾತಿನ ಯಂತ್ರವನ್ನು ಕುರಿತು ಗ್ರಂಥವನ್ನೇ ಬರೆದ. ತಿದಿಯ ಗಾಳಿಯಿಂದ ಕಂಪಿಸುವ ಒಂದು ಪೀಪಿ ಅದರಲ್ಲಿ ಸ್ವರಗಳನ್ನು ಹೊರಡಿಸುತ್ತಿತ್ತು. ‘ಸ’, ‘ಶ’ಗಳಿಗೆ ಮಾತ್ರ ಅದು ಒದಗಲಿಲ್ಲ, ಅವಕ್ಕೆ ಬೇರೆಯೇ ಕಿರುಕೊಳವೆಗಳನ್ನು ಇಡಬೇಕಾಯಿತು. 1939ರ ನ್ಯೂಯಾರ್ಕ್ ವಿಶ್ವಮೇಳದಲ್ಲಿ ಬೆಲ್ ಪ್ರಯೋಗಾಲಯದ ಹೋಮರ್ ಡಡ್ಲಿ ರೂಪಿಸಿದ ‘ವೋಡರ್’ ಮಾತಾಡಿತು. ಅದರಲ್ಲೂ ಆಕರಗಳು ಎರಡು: ನಾದಕ್ಕೆ ಆಂದೋಲಕ, ಊಷ್ಮಕ್ಕೆ ಅನಿಲ ತುಂಬಿದ ನಳಿಗೆಯ ಗದ್ದಲ.

‘ಸ’, ‘ಶ’ ಎರಡೂ ಗದ್ದಲವೇ ಆದರೆ ಅವುಗಳ ನಡುವೆ ವ್ಯತ್ಯಾಸವೇನು? 1940ರ ದಶಕದಲ್ಲಿ ಬಂದ ಧ್ವನಿರೋಹಿತ ಲೇಖಿ ಇದನ್ನು ಚಿತ್ರವಾಗಿ ತೋರಿಸಿತು. ‘ಶ’ ಎನ್ನುವಾಗ ನಾಲಿಗೆ ಹಿಂದೆ ಸರಿಯುತ್ತದೆ, ಸಂದಿನ ಮುಂದಿನ ಕುಹರ ಉದ್ದವಾಗುತ್ತದೆ. ಉದ್ದದ ಕೊಳಲಿನ ಶ್ರುತಿ ತಗ್ಗಿನದಲ್ಲವೇ? ಹಾಗೆಯೇ ‘ಶ’ದ ಶಕ್ತಿ ಸುಮಾರು 2500 ಹರ್ಟ್ಸ್‌ನಿಂದ ಮೇಲಕ್ಕೆ ಹರಡಿದ್ದರೆ, ‘ಸ’ದ ಶಕ್ತಿ ಹೆಚ್ಚಾಗಿ 4000 ಹರ್ಟ್ಸ್‌ಗೂ ಮೇಲಿರುತ್ತದೆ. ಹಳೆಯ ದೂರವಾಣಿ ಸಾಗಿಸುತ್ತಿದ್ದುದು 300ರಿಂದ 3400 ಹರ್ಟ್ಸ್ ಮಾತ್ರ. ‘ಎಸ್’ ಎಂದರೆ ‘ಎಫ್’ ಎಂದು ಕೇಳುತ್ತಿದ್ದುದು ಅದಕ್ಕೇ. 1988ರಲ್ಲಿ ಜಿ.722 ಎಂಬ ಮಾನಕ ಈ ಮಿತಿಯನ್ನು 7000 ಹರ್ಟ್ಸ್‌ಗೆ ಏರಿಸಿತು.

ಶಿಕ್ಷಕ ಮಿತ್ರರೇ, ಇಂಥದೇ ಕತ್ತರಿ ಕೆಲವು ಮಕ್ಕಳ ಕಿವಿಯಲ್ಲೂ ಇದೆ. ಹೆಚ್ಚಿನ ಆವೃತ್ತಿಗಳು ಮಾತ್ರ ಕೇಳಿಸದ ಮಗು ಹೆಸರು ಕರೆದರೆ ತಿರುಗಿ ನೋಡುತ್ತದೆ. ಏಕೆಂದರೆ ಸ್ವರಗಳು ಅದಕ್ಕೆ ಕೇಳುತ್ತವೆ. ಉಕ್ತಲೇಖನದಲ್ಲಿ ಮಾತ್ರ ಮತ್ತೆ ಮತ್ತೆ ತಪ್ಪುತ್ತದೆ. ನಾವು ಅದನ್ನು ಅಲಕ್ಷ್ಯವೆಂದು ಗದರುತ್ತೇವೆ, ನಾನೂ ಗದರಿದ್ದುಂಟು. ‘ಶ’ವನ್ನು ‘ಸ’ ಎನ್ನುವುದು ಅನೇಕ ಮನೆಗಳ ಆಡುನುಡಿ, ಅದು ದೋಷವಲ್ಲ. ಆದರೆ ಬಾಯಿ ಮರೆಮಾಡಿ ಹೇಳಿದಾಗ ಊಷ್ಮಗಳೇ ಬಿಟ್ಟುಹೋಗುತ್ತಿದ್ದರೆ ಆ ಮಗುವಿನ ಶ್ರವಣ ಪರೀಕ್ಷೆ ಮಾಡಿಸಿ. ಗದರುವ ಮೊದಲು ಅದಕ್ಕೆ ಕೇಳಿಸಿದ್ದೇನೆಂದು ವಿಚಾರಿಸೋಣ.