ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯ ನಂತರ ಉಳಿಯುವ ಹೊಟ್ಟೆನೋವು: ಇತಿಹಾಸ

ದೊಡ್ಡ ಕರುಳಿನ ಆರಂಭದಲ್ಲಿ ಕಿರುಬೆರಳಿನಂತೆ ಜೋತುಬಿದ್ದಿರುವ ಅಪೆಂಡಿಕ್ಸನ್ನು ತೆಗೆದು, ಗಾಯ ಮಾಯ್ದ ಮೇಲೂ ಹೊಟ್ಟೆಯಲ್ಲಿ, ಹೆಚ್ಚಾಗಿ ಬಲಬದಿಯ ಕೆಳಹೊಟ್ಟೆಯಲ್ಲಿ, ಉಳಿದುಕೊಳ್ಳುವ ನೋವು. ಇದು ಒಂದೇ ಕಾಯಿಲೆಯಲ್ಲ. ಕೀವು, ಕರುಳಿನ ಅಂಟು, ಅಪೆಂಡಿಕ್ಸಿನ ಉಳಿದ ಬುಡ, ಹೊಟ್ಟೆಯ ಗೋಡೆಯ ನರ ಮುಂತಾದ ಹಲವು ಮೂಲಗಳಿರುವ ಲಕ್ಷಣ. ಈ ಮೂಲಗಳನ್ನು ವೈದ್ಯರು ಮೊದಲು ಹೊಟ್ಟೆಯೊಳಗೆ ಮಾತ್ರ ಹುಡುಕಿದರು. ಹೊಟ್ಟೆಯ ಗೋಡೆ ಮತ್ತು ನರಮಂಡಲದ ಕಡೆ ಗಮನ ಹರಿದದ್ದು ತಡವಾಗಿ.

ಆರಂಭದ ಕಾಲ

ದಾಖಲಾದ ಮೊದಲ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆ ನಡೆದದ್ದು 1735ರಲ್ಲಿ, ಲಂಡನ್ನಿನ ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ. ಹನ್ನೊಂದು ವರ್ಷದ ಬಾಲಕನ ಹರ್ನಿಯಾದೊಳಗೆ ಇಳಿದಿದ್ದ, ಗುಂಡುಸೂಜಿಯಿಂದ ತೂತಾಗಿದ್ದ ಅಪೆಂಡಿಕ್ಸನ್ನು ಕ್ಲಾಡಿಯಸ್ ಆಮ್ಯಾಂಡ್ ತೆಗೆದರು. ಬಲಬದಿಯ ಕೆಳಹೊಟ್ಟೆಯ ಉರಿಯೂತಕ್ಕೆ ಹೆಚ್ಚಾಗಿ ಅಪೆಂಡಿಕ್ಸೇ ಮೂಲವೆಂದು 1886ರಲ್ಲಿ ತೋರಿಸಿ, ‘ಅಪೆಂಡಿಸೈಟಿಸ್’ ಎಂಬ ಹೆಸರು ಕೊಟ್ಟವರು ಬಾಸ್ಟನ್ನಿನ ರೆಜಿನಾಲ್ಡ್ ಫಿಟ್ಜ್. 1902ರಲ್ಲಿ ಬ್ರಿಟನ್ನಿನ ದೊರೆ ಏಳನೆಯ ಎಡ್ವರ್ಡ್‌ಗೆ ಇದೇ ರೋಗ ಬಂದಾಗ ಪಟ್ಟಾಭಿಷೇಕವನ್ನೇ ಮುಂದೂಡಿ, ಫ್ರೆಡರಿಕ್ ಟ್ರೀವ್ಸ್ ಕೀವು ಹೊರತೆಗೆದರು. ಆಂಟಿಬಯೋಟಿಕ್ ಇಲ್ಲದ ಆ ದಿನಗಳಲ್ಲಿ ರೋಗಿ ಬದುಕುಳಿದರೆ ಅದೇ ದೊಡ್ಡದು. ಆಮೇಲೆ ನೋವು, ಜ್ವರ ಕಾಣಿಸಿದರೆ ಮೊದಲ ಅನುಮಾನ ಮತ್ತೆ ಕಟ್ಟಿಕೊಂಡ ಕೀವಿನ ಮೇಲೆಯೇ.

ಹೊಟ್ಟೆಯ ಗೋಡೆ

ನ್ಯೂಯಾರ್ಕಿನ ಚಾರ್ಲ್ಸ್ ಮೆಕ್‌ಬರ್ನಿ 1889ರಲ್ಲಿ, ಅಪೆಂಡಿಸೈಟಿಸ್ ಇರುವವರಲ್ಲಿ ಒತ್ತಿದರೆ ಅತಿ ಹೆಚ್ಚು ನೋಯುವ ಬಿಂದುವನ್ನು ಗುರುತಿಸಿದರು. ಸ್ನಾಯುಗಳನ್ನು ಕತ್ತರಿಸದೆ ಎಳೆಗಳ ಗುಂಟ ಬಿಡಿಸಿ ಒಳಹೋಗುವ ದಾರಿಯನ್ನು 1894ರಲ್ಲಿ ವಿವರಿಸಿದರು. ಇದರಿಂದ ಹೊಟ್ಟೆಯ ಗೋಡೆ ಗಟ್ಟಿಯಾಗಿ ಉಳಿಯಿತು. ಆದರೆ ಆ ಸ್ನಾಯುಪದರಗಳ ನಡುವೆಯೇ ತೊಡೆಸಂದಿನತ್ತ ಸಾಗುವ ಎರಡು ನರಗಳಿವೆ. ಅವು ಕತ್ತರಿಗೆ, ಹೊಲಿಗೆಗೆ ಅಥವಾ ಮಾಯ್ದ ಗಾಯದ ಗಟ್ಟಿಭಾಗಕ್ಕೆ ಸಿಕ್ಕಿದರೆ ಉರಿ, ಚುಚ್ಚು, ಜೋಮು ಉಳಿಯುತ್ತವೆ.

ಗೋಡೆಯ ಈ ನೋವನ್ನು ಒಳನೋವಿನಿಂದ ಬೇರ್ಪಡಿಸುವ ಸರಳ ಪರೀಕ್ಷೆಯನ್ನು ಫಿಲಡೆಲ್ಫಿಯಾದ ಕಾರ್ನೆಟ್ 1926ರಲ್ಲಿ ಪ್ರಕಟಿಸಿದರು. ನೋಯುವ ಜಾಗದ ಮೇಲೆ ಬೆರಳೊತ್ತಿ, ಮಲಗಿದ ರೋಗಿಗೆ ತಲೆಯೆತ್ತಲು ಹೇಳಬೇಕು. ಬಿಗಿದ ಸ್ನಾಯು ಒಳಗಿನ ಅಂಗಗಳನ್ನು ಕಾಯುವುದರಿಂದ, ಮೂಲ ಒಳಗಿದ್ದರೆ ನೋವು ತಗ್ಗುತ್ತದೆ; ಗೋಡೆಯಲ್ಲಿದ್ದರೆ ಹಾಗೆಯೇ ಇರುತ್ತದೆ ಅಥವಾ ಹೆಚ್ಚುತ್ತದೆ. ಯಂತ್ರದ ಹಂಗಿಲ್ಲದ ಈ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಆ ಜಾಗಕ್ಕೆ ಮರಗಟ್ಟಿಸುವ ಮದ್ದು ಚುಚ್ಚಿದಾಗ ನೋವು ಇಳಿದರೆ ಅನುಮಾನ ಗಟ್ಟಿಯಾಗುತ್ತದೆ.

ಅಂಟುಗಳು

ಉರಿಯೂತ ಅಥವಾ ಶಸ್ತ್ರಚಿಕಿತ್ಸೆಯ ನಂತರ ಉದರಪೊರೆ ಮಾಯುವಾಗ ಕರುಳುಗಳು ಒಂದಕ್ಕೊಂದು, ಇಲ್ಲವೇ ಗೋಡೆಗೆ ಅಂಟಿಕೊಳ್ಳಬಹುದು. ಶಸ್ತ್ರವೈದ್ಯರ ಕೈಗವಸುಗಳ ಪುಡಿಯೂ ಇದಕ್ಕೆ ಕಾರಣವಾಗುತ್ತಿತ್ತು. ಟಾಲ್ಕ್ ಪುಡಿ ತೊಂದರೆ ಕೊಡುತ್ತದೆಂದು ಪಿಷ್ಟದ ಪುಡಿಗೆ ಬದಲಾಯಿಸಿದರು, ಅದೂ ನಿರುಪದ್ರವಿಯಾಗಲಿಲ್ಲ. ಪುಡಿ ಹಚ್ಚಿದ ವೈದ್ಯಕೀಯ ಕೈಗವಸುಗಳನ್ನು ಅಮೆರಿಕ 2017ರ ಜನವರಿಯಿಂದ ನಿಷೇಧಿಸಿತು.

ಅಂಟು ಕರುಳಿನ ದಾರಿ ಕಟ್ಟಿದರೆ ಹಿಂಡುವ ನೋವು, ವಾಂತಿ, ಹೊಟ್ಟೆಯುಬ್ಬರ ಬರುತ್ತವೆ. ಅದು ತುರ್ತು ಸ್ಥಿತಿ. ದಾರಿ ಕಟ್ಟದ ಅಂಟು ನೋವಿಗೆ ಕಾರಣವೇ ಎಂಬ ಚರ್ಚೆ ಮಾತ್ರ ಮುಗಿದಿಲ್ಲ. ನೆದರ್ಲೆಂಡ್ಸ್‌ನಲ್ಲಿ 100 ರೋಗಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೆಲವರ ಅಂಟು ಬಿಡಿಸಲಾಯಿತು, ಉಳಿದವರ ಹೊಟ್ಟೆಯನ್ನು ದುರ್ಬೀನಿನಿಂದ ನೋಡಿ ಬಿಡಲಾಯಿತು. ವರ್ಷದ ಬಳಿಕ ಎರಡೂ ಗುಂಪುಗಳು ಸಮಸಮವಾಗಿ ಸುಧಾರಿಸಿದ್ದವು. ನೋವೊಂದಕ್ಕೇ ಅಂಟು ಬಿಡಿಸುವ ವಾಡಿಕೆಯನ್ನು ಇದು ಪ್ರಶ್ನಿಸಿತು.

ಉಳಿದ ಬುಡ ಮತ್ತು ತಪ್ಪು ನಿದಾನ

ಕತ್ತರಿಸಿ ಉಳಿದ ಬುಡಕ್ಕೇ ಮತ್ತೆ ಉರಿಯೂತ ಬರುವುದು 1945ರಲ್ಲಿ ವರದಿಯಾಯಿತು. ಇದು ಅಪರೂಪ. ಆದರೆ ‘ಅಪೆಂಡಿಕ್ಸ್ ತೆಗೆದಾಗಿದೆ’ ಎಂಬ ಟಿಪ್ಪಣಿಯೇ ವೈದ್ಯರ ದಾರಿ ತಪ್ಪಿಸುವುದುಂಟು. ಸ್ಕ್ಯಾನಿಂಗ್ ಬಂದ ಮೇಲೆ ಪತ್ತೆ ಸುಲಭವಾಗಿದೆ.

ಇನ್ನು ಕೆಲವರಲ್ಲಿ ಅಪೆಂಡಿಕ್ಸ್ ಮೊದಲಿನಿಂದಲೂ ನಿರಪರಾಧಿ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಹಳೆಯ ಬಲಬದಿಯ ನೋವಿಗೆ ‘ದೀರ್ಘಕಾಲಿಕ ಅಪೆಂಡಿಸೈಟಿಸ್’ ಎಂದು ಹೆಸರಿಟ್ಟು ಅಪೆಂಡಿಕ್ಸ್ ತೆಗೆಯುವುದು ರೂಢಿಯಾಗಿತ್ತು. ಕರುಳು ಕೆರಳುವ ತೊಂದರೆ, ಹೆಂಗಸರಲ್ಲಿ ಅಂಡಾಶಯದ ಕಾಯಿಲೆ ನೋವಿನ ಮೂಲವಾಗಿದ್ದರೆ ಅದು ಹಾಗೆಯೇ ಉಳಿಯುತ್ತಿತ್ತು.

ಲ್ಯಾಪರೊಸ್ಕೋಪಿ ಮತ್ತು ನಂತರ

1980ರಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ಸ್ತ್ರೀರೋಗತಜ್ಞ ಕುರ್ಟ್ ಸೆಮ್, ಸಣ್ಣ ತೂತಿನಿಂದ ದುರ್ಬೀನು ತೂರಿಸುವ ಲ್ಯಾಪರೊಸ್ಕೋಪಿಯಿಂದ ಅಪೆಂಡಿಕ್ಸ್ ತೆಗೆದರು. ಗಾಯ ಕಿರಿದಾಯಿತು, ಅಂಟು ಕಡಿಮೆಯಾಯಿತು. ಆದರೂ ಉಪಕರಣ ತೂರಿಸುವ ತೂತಿನ ಬಳಿ ನರಕ್ಕೆ ಪೆಟ್ಟಾಗುವ ಸಾಧ್ಯತೆ ಉಳಿದಿದೆ.

1990ರ ದಶಕದ ಕೊನೆಗೆ ಶಸ್ತ್ರಚಿಕಿತ್ಸೋತ್ತರ ನೋವೇ ಅಧ್ಯಯನದ ವಿಷಯವಾಯಿತು. ಬ್ರಿಟನ್ನಿನ ನೋವು ಚಿಕಿತ್ಸಾಲಯಗಳ 1998ರ ಸಮೀಕ್ಷೆಯಲ್ಲಿ ಸುಮಾರು ಐವರಲ್ಲಿ ಒಬ್ಬರು ತಮ್ಮ ನೋವಿಗೆ ಶಸ್ತ್ರಚಿಕಿತ್ಸೆಯನ್ನು ಕಾರಣವೆಂದರು. 2022ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ಹನ್ನೊಂದನೆಯ ರೋಗವರ್ಗೀಕರಣದಲ್ಲಿ ಇಂಥ ದೀರ್ಘಕಾಲಿಕ ನೋವಿಗೆ ಪ್ರತ್ಯೇಕ ಸ್ಥಾನ ದೊರೆತಿದೆ. ನೋವು ಶಸ್ತ್ರಚಿಕಿತ್ಸೆಯಿಂದ ಹುಟ್ಟಿರಬೇಕು ಅಥವಾ ಹೆಚ್ಚಿರಬೇಕು, ಕನಿಷ್ಠ ಮೂರು ತಿಂಗಳು ಉಳಿದಿರಬೇಕು, ಸೋಂಕಿನಂಥ ಬೇರೆ ಕಾರಣ ಇರಬಾರದು ಎಂಬುದು ಅದರ ನಿಯಮ. ಹೀಗಾಗಿ ಸ್ಕ್ಯಾನಿಂಗಿನಲ್ಲಿ ಏನೂ ಕಾಣದಿದ್ದರೂ ನೋವನ್ನು ದಾಖಲಿಸಿ ಚಿಕಿತ್ಸೆ ಕೊಡಲು ಈಗ ಒಂದು ಹೆಸರಿದೆ.